ವೆಬ್ ಪುಟಕ್ಕೂ ಒಂದು ಅಳತೆ ಬೇಕೆ?



ನಿಮ್ಮ ಬಳಿ ಒಂದು ಬೋಲ್ಟ್ ಇದೆ ಎಂದುಕೊಳ್ಳಿ. ಅದನ್ನು ಕೊಂಡದ್ದು ಭದ್ರಾವತಿಯಲ್ಲಿ. ಅದರ ನಟ್ ಕಳೆದುಹೋಗಿದೆ. ಈಗ ನೀವು ಶಿವಮೊಗ್ಗದಲ್ಲಿದ್ದೀರಿ. ಇಲ್ಲಿಯ ಅಂಗಡಿಯಲ್ಲಿ ಕೊಂಡ ನಟ್ ಆ ಬೋಲ್ಟಿಗೆ ಕೂರುತ್ತದೆಯೆ? ಅಳತೆ ಸರಿಯಾಗಿ ಹೇಳಿ ಕೊಂಡರೆ ಖಂಡಿತ ಕೂರುತ್ತದೆ. ಬೋಲ್ಟ್ ಮಾಡಿದ ಕಾರ್ಖಾನೆ ಬೇರೆ, ನಟ್ ಮಾಡಿದ ಕಾರ್ಖಾನೆ ಬೇರೆ. ಅವರು ಒಬ್ಬರ ಮುಖವನ್ನು ಒಬ್ಬರು ನೋಡಿಯೂ ಇರಲಾರರು. ಆದರೂ ಎರಡೂ ಹೊಂದಿಕೊಳ್ಳುತ್ತವೆ. ಏಕೆಂದರೆ ಇಬ್ಬರೂ ಒಂದೇ ಅಳತೆಪಟ್ಟಿಯನ್ನು ಅನುಸರಿಸಿದ್ದಾರೆ.

ದಪ್ಪ ಒಂದೇ ಇದ್ದರೆ ಸಾಲದು. 10 ಮಿಲಿಮೀಟರ್ ದಪ್ಪದ ಸಾಮಾನ್ಯ ಬೋಲ್ಟಿನಲ್ಲಿ ತಿರುಪಿನ ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ 1.5 ಮಿಲಿಮೀಟರ್ ಅಂತರವಿರುತ್ತದೆ. ಅದೇ ದಪ್ಪದ ಇನ್ನೊಂದು ಬಗೆಯ ಬೋಲ್ಟಿನಲ್ಲಿ ಈ ಅಂತರ 1.25 ಮಿಲಿಮೀಟರ್. ಕಣ್ಣಿಗೆ ಎರಡೂ ಒಂದೇ. ಆದರೆ ಒಂದರ ನಟ್ ಇನ್ನೊಂದಕ್ಕೆ ಹಾಕಿದರೆ ಸ್ವಲ್ಪ ತಿರುಗಿ ನಿಂತುಬಿಡುತ್ತದೆ.

ಹೀಗೆ ಎಲ್ಲರೂ ಒಪ್ಪಿ ಬರೆದಿಟ್ಟುಕೊಂಡ ನಿಯಮವನ್ನು 'ಮಾನಕ' ಎನ್ನುತ್ತಾರೆ. ಭದ್ರಾವತಿಯವರಿಗೆ ಇದು ಹೊಸದಲ್ಲ. ಅಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. 1936ರಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸ್ ಅದೇ ಊರಿನಲ್ಲಿ ಹಲವು ದಶಕ ಕಾಗದ ತಯಾರಿಸಿತು. ಎ4 ಹಾಳೆ ಎಂದರೆ 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಉದ್ದ. ಯಾವ ಕಂಪನಿಯ ಎ4 ಹಾಳೆಯೂ ಯಾವ ಕಂಪನಿಯ ಎ4 ಪ್ರಿಂಟರಿನಲ್ಲೂ ಹಿಡಿಯುತ್ತದೆ.

ಕಬ್ಬಿಣಕ್ಕೆ, ಕಾಗದಕ್ಕೆ ಮಾನಕ ಬೇಕು, ಸರಿ. ಕೈಗೆ ಸಿಗದ ವೆಬ್ ಪುಟಕ್ಕೂ ಮಾನಕ ಬೇಕೆ? ಬನ್ನಿ, ತಿಳಿಯೋಣ.

ಬ್ರೌಸರ್ ಏನು ಮಾಡುತ್ತದೆ?

ನೀವು ಶಾಲೆಯ ಕಂಪ್ಯೂಟರಿನಲ್ಲೋ ಮನೆಯ ಮೊಬೈಲಿನಲ್ಲೋ ವೆಬ್ ಪುಟ ನೋಡಿರುತ್ತೀರಿ. ಮೇಲೆ ದೊಡ್ಡ ಶೀರ್ಷಿಕೆ, ಕೆಳಗೆ ಬರಹ, ನಡುವೆ ಚಿತ್ರ. ಈ ಪುಟ ಹೀಗೆಯೇ ಸಿದ್ಧವಾಗಿ ನಿಮ್ಮಲ್ಲಿಗೆ ಬರುತ್ತದೆಯೆ? ಇಲ್ಲ. ದೂರದ ಕಂಪ್ಯೂಟರಿನಿಂದ ಮೊದಲು ಬರುವುದು ಅಕ್ಷರಗಳ ಒಂದು ಉದ್ದ ಸಾಲು. ಅದರ ನಡುನಡುವೆ 'ಇದು ಶೀರ್ಷಿಕೆ', 'ಇದು ಪ್ಯಾರಾ', 'ಇಲ್ಲಿ ಚಿತ್ರ' ಎಂದು ಹೇಳುವ ಗುರುತುಗಳು ಇರುತ್ತವೆ. ಈ ಗುರುತುಗಳನ್ನು ಓದಿ ಪರದೆಯ ಮೇಲೆ ಪುಟವನ್ನು ಕಟ್ಟುವ ತಂತ್ರಾಂಶವೇ ಬ್ರೌಸರ್. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್, ಸಫಾರಿ ಇವೆಲ್ಲ ಬ್ರೌಸರುಗಳೇ.

ಈ ಗುರುತುಗಳಿಗೆ ಟ್ಯಾಗ್ ಎಂದು ಹೆಸರು. ಟ್ಯಾಗ್‌ಗಳ ಭಾಷೆಯ ಹೆಸರು ಎಚ್‌ಟಿಎಂಎಲ್. ಅದು ಹೇಗಿರುತ್ತದೆ ಎಂದು ತಿಳಿಯಲು ನಾವೇ ಕನ್ನಡದಲ್ಲಿ ಕೆಲವು ಟ್ಯಾಗ್ ಮಾಡಿಕೊಳ್ಳೋಣ.

<ಶೀರ್ಷಿಕೆ>ನಮ್ಮ ಜಿಲ್ಲೆಯ ನದಿಗಳು</ಶೀರ್ಷಿಕೆ>
<ಪ್ಯಾರಾ>ಶಿವಮೊಗ್ಗ <ದಪ್ಪ>ತುಂಗಾ</ದಪ್ಪ> ನದಿಯ ದಡದಲ್ಲಿದೆ. ಭದ್ರಾವತಿ <ದಪ್ಪ>ಭದ್ರಾ</ದಪ್ಪ> ನದಿಯ ದಡದಲ್ಲಿದೆ.</ಪ್ಯಾರಾ>

ಪ್ರತಿ ಗುರುತಿಗೂ ಒಂದು ಆರಂಭ, ಒಂದು ಮುಕ್ತಾಯ ಇರುವುದನ್ನು ಗಮನಿಸಿ. ಮುಕ್ತಾಯದ ಗುರುತಿನಲ್ಲಿ ಒಂದು ಓರೆಗೆರೆ ಇದೆ. ನಿಜವಾದ ಎಚ್‌ಟಿಎಂಎಲ್‌ನಲ್ಲಿ ಕನ್ನಡ ಪದಗಳ ಬದಲು ಇಂಗ್ಲಿಷಿನ ಗಿಡ್ಡ ಹೆಸರುಗಳಿರುತ್ತವೆ. ದೊಡ್ಡ ಶೀರ್ಷಿಕೆಗೆ 'ಎಚ್1', ಪ್ಯಾರಾಕ್ಕೆ 'ಪಿ', ದಪ್ಪ ಅಕ್ಷರಕ್ಕೆ 'ಬಿ'.

ಈ ಭಾಷೆಯನ್ನು ರೂಪಿಸಿದವರು ಟಿಮ್ ಬರ್ನರ್ಸ್-ಲೀ. ಅವರು ಸ್ವಿಟ್ಜರ್ಲೆಂಡಿನ ಜಿನೀವಾ ಬಳಿಯ ಸರ್ನ್ ಎಂಬ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿಯ ವಿಜ್ಞಾನಿಗಳ ಕಂಪ್ಯೂಟರುಗಳು ಬೇರೆ ಬೇರೆ ಬಗೆಯವು. ಒಬ್ಬರು ಬರೆದದ್ದನ್ನು ಎಲ್ಲರೂ ಓದುವಂತಾಗಬೇಕು ಎಂಬುದೇ ಅವರ ಉದ್ದೇಶವಾಗಿತ್ತು. 1989ರಲ್ಲಿ ಅವರು ತಮ್ಮ ಯೋಜನೆಯನ್ನು ಮುಂದಿಟ್ಟರು. 1991ರಲ್ಲಿ ಪ್ರಕಟವಾದ ಮೊದಲ ಟ್ಯಾಗ್ ಪಟ್ಟಿಯಲ್ಲಿ ಇದ್ದದ್ದು ಕೇವಲ 18 ಟ್ಯಾಗ್. ಇಂದು ನೂರಕ್ಕೂ ಹೆಚ್ಚು ಇವೆ. 1993ರಲ್ಲಿ ಸರ್ನ್ ಸಂಸ್ಥೆ ಈ ತಂತ್ರವನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದೆಂದು ಘೋಷಿಸಿತು.

ಒಬ್ಬನದು ಮಿನುಗು, ಇನ್ನೊಬ್ಬನದು ಓಟ

ವೆಬ್ ಬೆಳೆಯಿತು. ಕಂಪನಿಗಳು ಬ್ರೌಸರ್ ತಯಾರಿಕೆಗೆ ಇಳಿದವು. 1994ರಲ್ಲಿ ನೆಟ್‌ಸ್ಕೇಪ್ ಬಂತು. 1995ರಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಬಂತು. ಇಬ್ಬರಿಗೂ ತಮ್ಮ ಬ್ರೌಸರನ್ನೇ ಜನ ಬಳಸಲಿ ಎಂಬ ಆಸೆ. ಆಗ ಅವರು ಏನು ಮಾಡಿದರು ಗೊತ್ತೆ? ಪಟ್ಟಿಯಲ್ಲಿ ಇಲ್ಲದ ಹೊಸ ಟ್ಯಾಗ್‌ಗಳನ್ನು ತಾವೇ ಸೇರಿಸತೊಡಗಿದರು.

ನೆಟ್‌ಸ್ಕೇಪ್ 'ಬ್ಲಿಂಕ್' ಎಂಬ ಟ್ಯಾಗ್ ತಂದಿತು. ಅದರೊಳಗೆ ಬರೆದ ಪದ ಮಿನುಗು ದೀಪದಂತೆ ಹೊತ್ತಿ ಆರುತ್ತಿತ್ತು. ಎಕ್ಸ್‌ಪ್ಲೋರರ್ 'ಮಾರ್ಕೀ' ಎಂಬ ಟ್ಯಾಗ್ ತಂದಿತು. ಅದರೊಳಗಿನ ಪದ ಪರದೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡುತ್ತಿತ್ತು. ಒಂದು ಬ್ರೌಸರಿನಲ್ಲಿ ಮಿನುಗುವುದು ಇನ್ನೊಂದರಲ್ಲಿ ಸುಮ್ಮನೆ ನಿಂತಿರುತ್ತಿತ್ತು.

ಇದು ಆಟದಂತೆ ಕಾಣಬಹುದು. ಆದರೆ ಪುಟದ ಅಂಕಣ, ಕೋಷ್ಟಕ, ಗುಂಡಿಗಳ ವಿಷಯದಲ್ಲೂ ಹೀಗೆಯೇ ಆಯಿತು. 'ಈ ಪುಟವನ್ನು ಇಂಥ ಬ್ರೌಸರಿನಲ್ಲೇ ನೋಡಿ' ಎಂದು ಎಷ್ಟೋ ಪುಟಗಳ ಕೆಳಗೆ ಬರೆದಿರುತ್ತಿತ್ತು. ಯೋಚಿಸಿ: ಒಂದು ಪಠ್ಯಪುಸ್ತಕದ ಮೇಲೆ 'ಇಂಥ ಕಂಪನಿಯ ಕನ್ನಡಕ ಹಾಕಿದವರು ಮಾತ್ರ ಓದಬಹುದು' ಎಂದು ಬರೆದಿದ್ದರೆ ಹೇಗಿರುತ್ತದೆ?

ಈ ಗೊಂದಲ ತಪ್ಪಿಸಲು ಬರ್ನರ್ಸ್-ಲೀ ಅವರು 1994ರಲ್ಲಿ ವರ್ಲ್ಡ್ ವೈಡ್ ವೆಬ್ ಒಕ್ಕೂಟವನ್ನು ಆರಂಭಿಸಿದರು. 1997ರ ಆರಂಭದಲ್ಲಿ ಎಚ್‌ಟಿಎಂಎಲ್ 3.2, ಅದೇ ವರ್ಷದ ಕೊನೆಯಲ್ಲಿ 4.0, 1999ರಲ್ಲಿ 4.01 ಎಂಬ ಮಾನಕಗಳನ್ನು ಒಕ್ಕೂಟ ಪ್ರಕಟಿಸಿತು. ಆದರೆ ಒಕ್ಕೂಟದ ಕೈಯಲ್ಲಿ ದಂಡ ಹಾಕುವ ಅಧಿಕಾರವಿಲ್ಲ. ನಿಯಮವನ್ನು ಬರೆಯಬಹುದು, ಪಾಲಿಸಬೇಕಾದವರು ಬ್ರೌಸರ್ ತಯಾರಿಸುವವರು ಮತ್ತು ಪುಟ ಬರೆಯುವವರು.

ಕನ್ನಡಕ್ಕೆ ಆದ ತೊಂದರೆ

ಈ ಗೊಂದಲದ ಬಿಸಿ ನಮ್ಮ ಕನ್ನಡಕ್ಕೂ ತಟ್ಟಿತು. ಹೇಗೆ ನೋಡೋಣ.

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸಂಖ್ಯೆ ಮಾತ್ರ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಟ್ಟಿರುತ್ತಾರೆ. ಇಂಗ್ಲಿಷಿನ ದೊಡ್ಡ 'ಪಿ' ಅಕ್ಷರದ ಸಂಖ್ಯೆ 80. ಮೊದಮೊದಲು ಕನ್ನಡಕ್ಕೆಂದು ಕಂಪ್ಯೂಟರಿನಲ್ಲಿ ಬೇರೆ ಜಾಗ ಬಳಕೆಯಲ್ಲಿ ಇರಲಿಲ್ಲ. ಆದ್ದರಿಂದ ತಂತ್ರಾಂಶ ರೂಪಿಸಿದವರು ಒಂದು ಉಪಾಯ ಮಾಡಿದರು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡ ಅಕ್ಷರದ ತುಣುಕುಗಳನ್ನು ಕೂರಿಸಿದ ಫಾಂಟ್ ತಯಾರಿಸಿದರು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ 'ಪಿ' ಅಕ್ಷರದ ಜಾಗದಲ್ಲಿ 'ಕ'ದ ಒಡಲು ಇತ್ತು, ಇನ್ನೊಂದು ಜಾಗದಲ್ಲಿ ತಲೆಕಟ್ಟು ಇತ್ತು. ಎರಡನ್ನೂ ಒತ್ತಾಗಿ ಕೂರಿಸಿದರೆ 'ಕ'. ಸಾವಿರಾರು ಕಚೇರಿಗಳಲ್ಲಿ ಕನ್ನಡ ಟೈಪ್ ಮಾಡಲು ಈ ಉಪಾಯ ಬಹಳ ನೆರವಾಯಿತು.

ಆದರೆ ಅದೇ ಬರಹವನ್ನು ವೆಬ್ ಪುಟದಲ್ಲಿ ಹಾಕಿದಾಗ? ಓದುವವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇದ್ದರೆ ಕನ್ನಡ ಕಾಣುತ್ತಿತ್ತು. ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರ, ಗೆರೆ, ಚುಕ್ಕೆಗಳ ಅರ್ಥವಿಲ್ಲದ ಸಾಲು. ಒಂದೊಂದು ತಾಣಕ್ಕೆ ಒಂದೊಂದು ಫಾಂಟ್ ಇಳಿಸಿಕೊಳ್ಳಬೇಕಿತ್ತು.

1997ರಲ್ಲಿ ಬಂದ ಹೊಸ ಬ್ರೌಸರುಗಳು ಪುಟದ ಜೊತೆಗೆ ಫಾಂಟನ್ನೂ ಕಳಿಸುವ ಏರ್ಪಾಡು ಮಾಡಿದವು. ಕಷ್ಟ ಮುಗಿಯಿತು ಎನ್ನುವಿರಾ? ಇಲ್ಲ. ನೆಟ್‌ಸ್ಕೇಪಿನ ಏರ್ಪಾಡು ಒಂದು ಬಗೆ, ಎಕ್ಸ್‌ಪ್ಲೋರರಿನದು ಇನ್ನೊಂದು ಬಗೆ. ಒಂದಕ್ಕೆ ಮಾಡಿದ ಫಾಂಟ್ ಇನ್ನೊಂದಕ್ಕೆ ಆಗುತ್ತಿರಲಿಲ್ಲ. ಭಾರತೀಯ ಭಾಷೆಗಳ ಎಷ್ಟೋ ತಾಣಗಳು ಎಕ್ಸ್‌ಪ್ಲೋರರಿನಲ್ಲಿ ಮಾತ್ರ ಸರಿಯಾಗಿ ಕಾಣುತ್ತಿದ್ದವು. ಬೇರೆ ಬ್ರೌಸರ್ ಬಳಸುವವರಿಗೆ ತಮ್ಮ ಭಾಷೆಯ ಪುಟವೇ ಓದಲು ಬಾರದಂತಾಯಿತು.

ಇನ್ನೂ ದೊಡ್ಡ ತೊಂದರೆ ಒಳಗಡೆ ಇತ್ತು. ಕಣ್ಣಿಗೆ 'ಕನ್ನಡ' ಎಂದು ಕಂಡರೂ ಒಳಗೆ ಇದ್ದದ್ದು ಇಂಗ್ಲಿಷ್ ಅಕ್ಷರಗಳ ಸಂಖ್ಯೆ. ಆದ್ದರಿಂದ 'ಕನ್ನಡ' ಎಂದು ಹುಡುಕಿದರೆ ಆ ಪುಟ ಸಿಗುತ್ತಿರಲಿಲ್ಲ. ಕಣ್ಣು ಕಾಣದವರಿಗಾಗಿ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳಿವೆ. ಅವುಗಳಿಗೂ ಅದು ಕನ್ನಡವೆಂದು ತಿಳಿಯುತ್ತಿರಲಿಲ್ಲ.

ಎಲ್ಲ ಅಕ್ಷರಕ್ಕೂ ಒಂದು ಸಂಖ್ಯೆ

ಪರಿಹಾರ ಯೂನಿಕೋಡ್ ಎಂಬ ಮಾನಕದಿಂದ ಬಂತು. ಜಗತ್ತಿನ ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ಅದರದೇ ಆದ ಸಂಖ್ಯೆ ಕೊಡುವುದು ಇದರ ಗುರಿ. ಇದರ ಮೊದಲ ಆವೃತ್ತಿ 1991ರಲ್ಲಿ ಬಂತು. ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳನ್ನು ಮೀಸಲಿಡಲಾಗಿದೆ. ಎಚ್‌ಟಿಎಂಎಲ್ 4.0 ಮಾನಕವು ವೆಬ್ ಪುಟದ ಅಕ್ಷರಗಳ ಪಟ್ಟಿಗೆ ಯೂನಿಕೋಡನ್ನೇ ಆಧಾರವಾಗಿ ಇಟ್ಟುಕೊಂಡಿತು.

ನಮ್ಮ ಎರಡು ಊರುಗಳ ಹೆಸರನ್ನು ಸಂಖ್ಯೆಯಲ್ಲಿ ನೋಡಿ:

ಶಿವಮೊಗ್ಗ: ಶ 3254, ಿ 3263, ವ 3253, ಮ 3246, ೊ 3274, ಗ 3223, ್ 3277, ಗ 3223

ಭದ್ರಾವತಿ: ಭ 3245, ದ 3238, ್ 3277, ರ 3248, ಾ 3262, ವ 3253, ತ 3236, ಿ 3263

ಎರಡಕ್ಕೂ ಎಂಟೆಂಟು ಸಂಖ್ಯೆ. 'ಗ್ಗ' ಎಂಬುದು ಒಂದೇ ಅಕ್ಷರದಂತೆ ಕಂಡರೂ ಒಳಗೆ ಮೂರು ಸಂಖ್ಯೆಗಳಿವೆ: ಗ, ಅರ್ಧಾಕ್ಷರದ ಚಿಹ್ನೆ, ಮತ್ತೆ ಗ. ಎರಡನೆಯ 'ಗ'ವನ್ನು ಒತ್ತಾಗಿ ಕೆಳಗೆ ಬರೆಯುವುದು ಕಂಪ್ಯೂಟರಿನ ಕೆಲಸ.

ಇಲ್ಲಿ ಒಂದು ಸೂಕ್ಷ್ಮವಿದೆ. 'ೊ' ಚಿಹ್ನೆಯನ್ನು 3274 ಎಂಬ ಒಂದೇ ಸಂಖ್ಯೆಯಿಂದ ಬರೆಯಬಹುದು. 'ೆ' (3270) ಮತ್ತು 'ೂ' (3266) ಎರಡನ್ನೂ ಒಂದರ ನಂತರ ಒಂದು ಇಟ್ಟೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಒಳಗೆ ಬೇರೆ. ನಮ್ಮ 1.5 ಮತ್ತು 1.25 ಮಿಲಿಮೀಟರಿನ ಬೋಲ್ಟ್‌ಗಳ ಹಾಗೆ! ಆದರೆ ಯೂನಿಕೋಡ್ ಮಾನಕವು 'ಈ ಎರಡನ್ನೂ ಒಂದೇ ಎಂದು ತಿಳಿಯಬೇಕು' ಎಂದು ಮೊದಲೇ ಬರೆದಿಟ್ಟಿದೆ. ಒಳ್ಳೆಯ ಮಾನಕ ಹೀಗೆ ಗೊಂದಲ ಬರುವ ಜಾಗವನ್ನು ಮುಂಚೆಯೇ ಗುರುತಿಸಿ ಉತ್ತರ ಕೊಟ್ಟಿರುತ್ತದೆ.

ನಿಮಗೆ ಗೊತ್ತೆ?
• 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡಕ್ಕೆಂದು ಒಂದು ಫಾಂಟ್ ಇತ್ತು. ಅದರ ಹೆಸರು 'ತುಂಗಾ'. ಶಿವಮೊಗ್ಗದಲ್ಲಿ ಹರಿಯುವ ನದಿಯ ಹೆಸರೇ!
• 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲಿ ಶಿವಮೊಗ್ಗವನ್ನು ಬರೆಯುವ ರೀತಿ ಬದಲಾಯಿತು. ಕನ್ನಡದ ಎಂಟು ಸಂಖ್ಯೆಗಳು ಬದಲಾಗಲಿಲ್ಲ.

ಹಳಿ ಬದಲಿಸಿದಂತೆ

ಬೀರೂರಿನಿಂದ ಭದ್ರಾವತಿಯ ಮೂಲಕ ಶಿವಮೊಗ್ಗಕ್ಕೆ ಬರುವ ರೈಲುಮಾರ್ಗ ಮೊದಲು ಮೀಟರ್ ಗೇಜ್ ಆಗಿತ್ತು. ಅಂದರೆ ಎರಡು ಹಳಿಗಳ ನಡುವೆ 1000 ಮಿಲಿಮೀಟರ್ ಅಂತರ. ಬ್ರಾಡ್ ಗೇಜ್ ಹಳಿಗಳ ಅಂತರ 1676 ಮಿಲಿಮೀಟರ್. ಒಂದರ ಗಾಡಿ ಇನ್ನೊಂದರ ಮೇಲೆ ಓಡದು. ಗೇಜ್ ಬದಲಾಗುವ ನಿಲ್ದಾಣದಲ್ಲಿ ಜನ ಇಳಿದು ಗಾಡಿ ಬದಲಿಸಬೇಕು. ಸಾಮಾನನ್ನು ಇಳಿಸಿ ಮತ್ತೆ ಏರಿಸಬೇಕು. ಮುಂದೆ ಈ ಮಾರ್ಗವನ್ನು ಬ್ರಾಡ್ ಗೇಜ್ ಮಾಡಿದರು. ಅದಕ್ಕೆ ಹಳೆಯ ಹಳಿ ಕಿತ್ತು ಹೊಸದು ಹಾಕಬೇಕಾಯಿತು.

ಕನ್ನಡದ ತಾಣಗಳೂ ಹೀಗೆಯೇ ಒಂದೊಂದಾಗಿ ಹಳೆಯ ಫಾಂಟಿನಿಂದ ಯೂನಿಕೋಡಿಗೆ ಬಂದವು. ಫಾಂಟ್ ಕಳಿಸುವುದಕ್ಕೂ 2012ರಲ್ಲಿ ಒಂದು ಮಾನಕ ಬಂತು. ಆದರೆ ಹಳೆಯ ಬರಹವನ್ನು ಬದಲಿಸಬೇಕಾದರೆ ಅದನ್ನು ಯಾವ ಫಾಂಟಿನಲ್ಲಿ ಬರೆದಿದ್ದರು ಎಂದು ತಿಳಿದಿರಬೇಕು. ತಿಳಿಯದಿದ್ದರೆ ಆ ಪುಟ ಬೀಗದ ಕೈ ಕಳೆದ ಪೆಟ್ಟಿಗೆಯಂತೆ. ಮಾನಕವನ್ನು ತಡವಾಗಿ ಪಾಲಿಸಿದರೆ ತೆರಬೇಕಾದ ಬೆಲೆ ಇದು.

ತಪ್ಪಿಗೂ ಒಂದು ನಿಯಮ

ಪುಟ ಬರೆಯುವವರು ತಪ್ಪು ಮಾಡಿದರೆ ಬ್ರೌಸರ್ ಏನು ಮಾಡಬೇಕು? ಈ ಸಾಲು ನೋಡಿ:

<ದಪ್ಪ>ಭದ್ರಾವತಿ <ಓರೆ>ಶಿವಮೊಗ್ಗ</ದಪ್ಪ> ಕೂಡಲಿ</ಓರೆ>

ಇಲ್ಲಿ 'ಓರೆ' ಮುಗಿಯುವ ಮೊದಲೇ 'ದಪ್ಪ' ಮುಗಿದಿದೆ. ಒಳಗಿನ ಡಬ್ಬಿ ಹೊರಗಿನ ಡಬ್ಬಿಯಿಂದ ಅರ್ಧ ಆಚೆ ಬಂದಂತಾಗಿದೆ. ಹಿಂದೆ ಇಂತಹ ತಪ್ಪು ಕಂಡಾಗ ಒಂದೊಂದು ಬ್ರೌಸರ್ ಒಂದೊಂದು ರೀತಿ ಊಹಿಸುತ್ತಿತ್ತು. 2014ರಲ್ಲಿ ಒಕ್ಕೂಟ ಅಂಗೀಕರಿಸಿದ ಎಚ್‌ಟಿಎಂಎಲ್5 ಮಾನಕದಲ್ಲಿ ತಪ್ಪನ್ನು ಹೇಗೆ ಓದಬೇಕೆಂಬ ನಿಯಮವನ್ನೂ ಬರೆದರು. ಅದರಂತೆ ಭದ್ರಾವತಿ ದಪ್ಪ, ಶಿವಮೊಗ್ಗ ದಪ್ಪ ಮತ್ತು ಓರೆ, ಕೂಡಲಿ ಓರೆ ಮಾತ್ರ. ಇಂದು ಯಾವ ಪ್ರಮುಖ ಬ್ರೌಸರಿನಲ್ಲಿ ನೋಡಿದರೂ ಇದೇ ಉತ್ತರ.

ಬ್ರೌಸರುಗಳಿಗೂ ಪರೀಕ್ಷೆ

ನಿಮಗೆ ಪರೀಕ್ಷೆ ಇರುವಂತೆ ಬ್ರೌಸರುಗಳಿಗೂ ಪರೀಕ್ಷೆ ಇದೆ. 2005ರಲ್ಲಿ ವೆಬ್ ಸ್ಟ್ಯಾಂಡರ್ಡ್ಸ್ ಪ್ರಾಜೆಕ್ಟ್ ಎಂಬ ಗುಂಪು 'ಆ್ಯಸಿಡ್2' ಎಂಬ ಪುಟವೊಂದನ್ನು ಪ್ರಕಟಿಸಿತು. ಮಾನಕಗಳನ್ನು ಸರಿಯಾಗಿ ಪಾಲಿಸುವ ಬ್ರೌಸರಿನಲ್ಲಿ ಅದನ್ನು ತೆರೆದರೆ ಹಳದಿ ಬಣ್ಣದ ನಗುಮುಖ ಮೂಡುತ್ತಿತ್ತು. ಪಾಲಿಸದಿದ್ದರೆ ಮುಖ ಚೆಲ್ಲಾಪಿಲ್ಲಿಯಾಗಿ ಕಾಣುತ್ತಿತ್ತು. ಸಫಾರಿ ಅದೇ ವರ್ಷ ತೇರ್ಗಡೆಯಾಯಿತು. ಫೈರ್‌ಫಾಕ್ಸ್ 2008ರಲ್ಲಿ, ಎಕ್ಸ್‌ಪ್ಲೋರರ್ 2009ರಲ್ಲಿ ತೇರ್ಗಡೆಯಾದವು.

ಒಂದು ಕಾಲದಲ್ಲಿ ಎಲ್ಲೆಡೆ ಇದ್ದ ಇಂಟರ್‌ನೆಟ್ ಎಕ್ಸ್‌ಪ್ಲೋರರಿಗೆ ಮೈಕ್ರೋಸಾಫ್ಟ್ 2022ರ ಜೂನ್ 15ರಂದು ವಿದಾಯ ಹೇಳಿತು. ಅದನ್ನೇ ನಂಬಿ ಬರೆದ ಪುಟಗಳು ಅನಾಥವಾದವು. ಮಾನಕವನ್ನು ಅನುಸರಿಸಿ ಬರೆದ ಪುಟಗಳಿಗೆ ಏನೂ ಆಗಲಿಲ್ಲ. 1991ರ ಸರಳ ಪುಟವನ್ನು ಇಂದಿನ ಬ್ರೌಸರಿನಲ್ಲೂ ಓದಬಹುದು!

ಇಂದು ಎಚ್ಚರ ಬೇಡವೆ? ಬೇಕು. ಕ್ರೋಮ್, ಎಡ್ಜ್, ಒಪೆರಾ ಇವುಗಳ ಹೆಸರು ಬೇರೆಯಾದರೂ ಒಳಗಿನ ಯಂತ್ರ ಒಂದೇ. ಅದೊಂದರಲ್ಲಿ ಕಂಡರೆ ಸಾಕು ಎಂದು ಪುಟ ಬರೆಯುವವರು ಭಾವಿಸಿದರೆ ಹಳೆಯ ಕತೆ ಮತ್ತೆ ಶುರುವಾಗುತ್ತದೆ. ಆಗ ನಿಯಮ ಪುಸ್ತಕದಲ್ಲಿ ಇರುವುದಿಲ್ಲ, ಒಂದು ಕಂಪನಿಯ ಕೈಯಲ್ಲಿ ಇರುತ್ತದೆ. ಫಲಿತಾಂಶ ನೋಡಲು, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ವೆಬ್ ಪುಟವೇ ಬಾಗಿಲು. ಆ ಬಾಗಿಲು ಹೊಸ ಮೊಬೈಲಿಗೂ ಶಾಲೆಯ ಹಳೆಯ ಕಂಪ್ಯೂಟರಿಗೂ ಒಂದೇ ರೀತಿ ತೆರೆಯಬೇಕು.

ಮಾಡಿ ನೋಡಿ

ಕಂಪ್ಯೂಟರ್ ಇಲ್ಲದೆ: ಒಬ್ಬರು ಮೇಲಿನ ಕನ್ನಡ ಟ್ಯಾಗ್‌ಗಳನ್ನು ಬಳಸಿ ನಾಲ್ಕು ಸಾಲು ಬರೆಯಿರಿ. ಮೂವರು 'ಬ್ರೌಸರ್' ಆಗಿ. ಒಬ್ಬರನ್ನೊಬ್ಬರು ನೋಡದೆ, ಟ್ಯಾಗ್ ಹೇಳಿದಂತೆ ಪುಟ ಬರೆಯಿರಿ. ಮೂರೂ ಹಾಳೆಗಳನ್ನು ಹೋಲಿಸಿ. ಶೀರ್ಷಿಕೆಯ ಗಾತ್ರ ಬೇರೆ ಬೇರೆ ಬಂತೆ? ಹಾಗಾದರೆ ಯಾವ ನಿಯಮ ಬರೆಯಲು ಮರೆತಿರಿ? ಅದನ್ನು ಸೇರಿಸಿ ಮತ್ತೆ ಆಡಿ.

ಕಂಪ್ಯೂಟರ್ ಇದ್ದರೆ: ಶಿಕ್ಷಕರ ಸಹಾಯದಿಂದ ನೋಟ್‌ಪ್ಯಾಡ್ ತೆರೆಯಿರಿ. ಪ್ರತಿ ಅಕ್ಷರಕ್ಕೂ ಮೊದಲು & ಚಿಹ್ನೆ, ನಂತರ # ಚಿಹ್ನೆ, ನಂತರ ಸಂಖ್ಯೆ, ಕೊನೆಗೆ ; ಚಿಹ್ನೆ ಒತ್ತಿ. ಮಧ್ಯೆ ಜಾಗ ಬಿಡಬೇಡಿ. ಸಾಲು ಹೀಗಿರುತ್ತದೆ:

&#3254;&#3263;&#3253;&#3246;&#3274;&#3223;&#3277;&#3223;

ಕಡತಕ್ಕೆ ಹೆಸರು ಕೊಡುವಾಗ ಕೊನೆಗೆ ಒಂದು ಚುಕ್ಕೆ ಇಟ್ಟು ಎಚ್, ಟಿ, ಎಂ, ಎಲ್ ಎಂಬ ನಾಲ್ಕು ಇಂಗ್ಲಿಷ್ ಅಕ್ಷರ ಸೇರಿಸಿ ಉಳಿಸಿ. ಕಡತದ ಬಗೆ ಕೇಳುವಲ್ಲಿ 'ಆಲ್ ಫೈಲ್ಸ್' ಆರಿಸಿ. ಈಗ ಅದನ್ನು ಎರಡು ಬೇರೆ ಬ್ರೌಸರುಗಳಲ್ಲಿ ತೆರೆಯಿರಿ. ನೀವು ಒತ್ತಿದ್ದು ಬರೀ ಅಂಕಿ ಮತ್ತು ಚಿಹ್ನೆ. ಕಂಡದ್ದು ಏನು? ನಂತರ 3274ರ ಜಾಗದಲ್ಲಿ 3270 ಮತ್ತು 3266 ಎರಡನ್ನೂ ಅದೇ ರೀತಿ ಬರೆದು ನೋಡಿ. ವ್ಯತ್ಯಾಸ ಕಾಣುತ್ತದೆಯೆ?

ಉತ್ತರಿಸಿ

1. ಮಾನಕ ಎಂದರೇನು? ನಿಮ್ಮ ಮನೆಯಲ್ಲಿರುವ ಎರಡು ಉದಾಹರಣೆ ಕೊಡಿ.
2. ಹಳೆಯ ಫಾಂಟಿನಲ್ಲಿ ಬರೆದ ಕನ್ನಡ ಪುಟವನ್ನು ಹುಡುಕಲು ಏಕೆ ಆಗುತ್ತಿರಲಿಲ್ಲ?
3. 'ಭದ್ರಾ' ಎಂದು ಬರೆಯಲು ಎಷ್ಟು ಸಂಖ್ಯೆ ಬೇಕು? ಮೇಲಿನ ಪಟ್ಟಿ ನೋಡಿ ಬರೆಯಿರಿ.
4. ಎಲ್ಲರೂ ಒಂದೇ ಬ್ರೌಸರ್ ಬಳಸಿದರೆ ಮಾನಕವೇ ಬೇಡ ಎಂದು ನಿಮ್ಮ ಗೆಳೆಯ ಹೇಳುತ್ತಾನೆ. ನೀವು ಏನು ಉತ್ತರ ಕೊಡುವಿರಿ?